ಎರಡನೆಯ ಉಸಿರು

ಪರದೆಯ ಮೇಲೆ ಎರಡು ಉಸಿರುಗಳಿದ್ದವು. ಮನೆಯಾಕೆ ಮಾತ್ರ ತಾನೊಬ್ಬಳೇ ಎನ್ನುತ್ತಿದ್ದಳು.

"ನಾನೊಬ್ಳೇ ಇರೋದು ಮೇಡಂ. ಇನ್ಯಾರಿದ್ದಾರೆ?" ಎಂದಳು ಜೈನಾಬ್, ಹೊಸಿಲು ಬಿಟ್ಟು ಕದಲದೆ.

ಗಂಗಾಲಕ್ಷ್ಮಿ ಲ್ಯಾಪ್‌ಟಾಪನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಮತ್ತೊಮ್ಮೆ ನೋಡಿದಳು. ಒಂದು ಗೆರೆ ಬಾಗಿಲಲ್ಲಿ ನಿಂತ ಜೈನಾಬಳದು. ಇನ್ನೊಂದು ಒಳಕೋಣೆಯಿಂದ ಬರುತ್ತಿತ್ತು. ಸಣ್ಣಗೆ, ತಡೆತಡೆದು.

ಕೋಲಾರದ ಸಂಶೋಧನಾ ಕೇಂದ್ರದಲ್ಲಿ ಅವಳ ತಂಡ ಮಾಡುತ್ತಿದ್ದುದು ಮುಂದಿನ ತಲೆಮಾರಿನ ಮೊಬೈಲ್ ಜಾಲದ ಕೆಲಸ. ನಮ್ಮ ಮಾತು ಹೊತ್ತು ಹೋಗುವ ಅಲೆಗಳೇ ಗೋಡೆ ದಾಟಿ, ಮನುಷ್ಯರ ಮೈಗೆ ತಾಗಿ ಹಿಂದಿರುಗುತ್ತವೆ. ಹಾಗೆ ಹಿಂದಿರುಗಿದ್ದನ್ನು ಓದಿದರೆ ಮನೆಯೊಳಗೆ ಎಷ್ಟು ಜನ ಉಸಿರಾಡುತ್ತಿದ್ದಾರೆಂದು ಹೇಳಬಹುದು. ಅವರ ಬಳಿ ಫೋನು ಇರಬೇಕೆಂದೇನೂ ಇಲ್ಲ. ಕುಸಿದ ಕಟ್ಟಡದಡಿ ಸಿಕ್ಕವರನ್ನು ಉಳಿಸಬಹುದು ಎಂದು ಅವಳು ಎಲ್ಲರಿಗೂ ವಿವರಿಸುತ್ತಿದ್ದಳು. ಒಂದು ಕಾಲಕ್ಕೆ ಅದನ್ನು ನಂಬಿಯೂ ಇದ್ದಳು. ಈಚೆಗೆ ನಂಬುವುದಕ್ಕೂ ಬಿಡುವುದಕ್ಕೂ ತ್ರಾಣವಿರಲಿಲ್ಲ. ತಟ್ಟೆಯಲ್ಲಿದ್ದುದನ್ನು ತಿನ್ನುತ್ತಿದ್ದಳು, ಏನು ತಿಂದೆನೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ತಂಗಿ ಆದಿಲಕ್ಷ್ಮಿ ಹೋದ ಮೇಲೆ ಹೀಗೆ. ಕೆರೆ ಏರಿಯ ಮೇಲೆ ಚಪ್ಪಲಿ ಮಾತ್ರ ಸಿಕ್ಕಿದ್ದವು. ವರ್ಷದ ತಿಥಿಯೂ ಮುಗಿದಿತ್ತು.

ತಂಗಿಯ ಗಂಡ ಉಮೇಶ ಇದೇ ತಂಡದವನು. ಯಂತ್ರಕ್ಕೆ ಉಸಿರು ಗುರುತಿಸಲು ಕಲಿಸಿದವನೇ ಅವನು, ತನ್ನ ಮನೆಯಲ್ಲೇ ಅಲೆ ಹಿಡಿಯುವ ಪೆಟ್ಟಿಗೆ ಇಟ್ಟುಕೊಂಡು. ಲ್ಯಾಬಿನಲ್ಲಿ ಕೂತೇ "ಈಗ ಅಡುಗೆಮನೇಲಿದಾಳೆ, ಈಗ ಮಲಗಿದ್ಳು" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅವಳು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಾಗ ತಾನೇ ತಲೆ ಬಾಚಿ ಜಡೆ ಹಾಕಿದ್ದ. ಅವಳು ಹೋದ ಮೇಲೆ ಕೆಲಸವನ್ನೇ ಹಚ್ಚಿಕೊಂಡ. ಮಾಲೂರಿನ ಹಳ್ಳಿಗಳಲ್ಲಿ ಯಂತ್ರದ ಪರೀಕ್ಷೆ ಮುಗಿದರೆ ಮುಳಬಾಗಿಲು, ಅದೂ ಮುಗಿದರೆ ಶ್ರೀನಿವಾಸಪುರ. ಇನ್ನೊಂದು ಊರು ನೋಡಿಬಿಡೋಣ ಅಕ್ಕ ಎನ್ನುತ್ತಿದ್ದ. ಹೀಗಾದರೂ ದುಃಖ ಮರೆಯಲಿ ಎಂದು ಗಂಗಾಲಕ್ಷ್ಮಿ ಎಲ್ಲಕ್ಕೂ ಹೂಂ ಎಂದಿದ್ದಳು. ಆಂಧ್ರದ ಗಡಿಯ ಈ ರಾಯಲ್ಪಾಡಿಗೆ ಬಂದದ್ದೂ ಹಾಗೆಯೇ.

"ಫರ್ಹಾದ್ ಇರ್ಬೇಕು," ಎಂದ ಪಕ್ಕದ ಮನೆಯ ದೊಡ್ಡಮುನಿಯಪ್ಪ, ಮಾವಿನ ಮರದ ನೆರಳಲ್ಲಿ ನಿಂತು. "ಈಯಮ್ಮನ ಮಗ. ಶ್ರೀನಿವಾಸಪುರದ ಮಂಡೀಲಿ ಯಾರದೋ ತಲೆ ಒಡೆದು ಓಡೋಗವ್ನೆ. ಪೊಲೀಸ್ನೋರು ಹುಡುಕ್ತಾವ್ರೆ."

ಜೈನಾಬಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

ಉಮೇಶ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ನೋಡಿ ಅಕ್ಕ, ಎರಡನೇದು ಉಸಿರು ಬಿಗಿ ಹಿಡೀತಿದೆ. ನಮ್ಮ ಮಾತು ಕೇಳಿಸ್ತಿದೆ ಅದಕ್ಕೆ." ಅವನ ದನಿ ಸಣ್ಣಗೆ ನಡುಗುತ್ತಿತ್ತು. "ನಾನು ಒಳಗೋಗಿ ನೋಡ್ತೀನಿ."

"ಒಂಟಿ ಹೆಂಗಸಿನ ಮನೆ. ನೀನಿಲ್ಲೇ ಇರು, ನಾನು ಹೋಗ್ತೀನಿ."

ಸದ್ಯದಲ್ಲೇ ದೆಹಲಿಯಿಂದ ಸಮಿತಿ ಬರುವುದಿತ್ತು. ಯಂತ್ರದ ಎಣಿಕೆ ತಪ್ಪಿದರೆ ಯೋಜನೆ ಅಲ್ಲಿಗೆ ಮುಗಿದಂತೆ. ಎರಡನೆಯ ಉಸಿರಿಗೊಂದು ಮೈ ಸಿಕ್ಕರೆ ಅವಳ ಇಷ್ಟು ವರ್ಷಗಳ ದುಡಿಮೆ ಗೆದ್ದಂತೆ.

ಜೈನಾಬ್ ಅಡ್ಡ ಬಂದಳು. ಗಂಗಾಲಕ್ಷ್ಮಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಪಕ್ಕಕ್ಕೆ ಸರಿದಳು.

"ನೋಡಿದ್ಮೇಲೆ ಏನ್ ಮಾಡ್ಬೇಕೋ ನೀವೇ ಯೋಚ್ನೆ ಮಾಡಿ," ಎಂದಳು ಮೆಲ್ಲಗೆ.

ಗಂಗಾಲಕ್ಷ್ಮಿ ಹಜಾರ ದಾಟಿ ಒಳಕೋಣೆಯ ಬಾಗಿಲು ತಳ್ಳಿದಳು. ಒಂದು ಕಾಲು ಒಳಗಿಟ್ಟವಳು ಅಲ್ಲೇ ನಿಂತಳು. ಆಮೇಲೆ ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಆ ಮುಖ ಎಲ್ಲರಿಗೂ ರೂಢಿಯಾಗಿತ್ತು.

"ಫ್ಯಾನ್ ಕಣೋ. ಟೇಬಲ್ ಫ್ಯಾನ್. ಆ ಕಡೆ ಈ ಕಡೆ ಕತ್ತು ತಿರುಗಿಸ್ತಿದೆ. ನಿನ್ನ ಯಂತ್ರ ಅದನ್ನೇ ಉಸಿರು ಅಂತಿದೆ."

"ಫ್ಯಾನ್ ಉಸಿರು ಬಿಗಿ ಹಿಡಿಯುತ್ತಾ?"

"ಹಳೇದು. ಅಲ್ಲಲ್ಲೇ ಸಿಕ್ಕಾಕ್ಕೊಳ್ಳುತ್ತೆ."

ಉಮೇಶ ಬಾಗಿಲ ಕಡೆ ಹೆಜ್ಜೆಯಿಟ್ಟ. ಅವಳು ದಾರಿ ಬಿಡಲಿಲ್ಲ. ಜೀಪಿನ ಕೀಲಿಯನ್ನು ಅವನ ಕೈಗೆ ಹಾಕಿದಳು. "ನಡಿ. ಗಾಡಿ ತೆಗಿ."

ಜೀಪು ಶ್ರೀನಿವಾಸಪುರ ದಾಟಿತು. ಆಮೇಲೆ ಅವನೇ ಹೇಳಿದ: "ಆ ತಾಯಿ ಮುಖ ನೋಡಿ ಕರಗೋದ್ರಿ ಅಕ್ಕ. ಒಬ್ಬ ರೌಡೀನ ಉಳಿಸೋಕೆ ನಮ್ಮ ಕೆಲಸಾನೇ ಸಾಯಿಸ್ತಿದ್ದೀರ."

"ಹಂಗೇ ಅಂದ್ಕೋ."

ಕೋಲಾರಕ್ಕೆ ಬಂದವಳೇ ಅವಳು ವರದಿ ಬರೆದಳು. ಜೀವವನ್ನೂ ಜಡವನ್ನೂ ಈ ಯಂತ್ರ ಬೇರ್ಪಡಿಸಲಾರದು, ಇದು ನಂಬಲು ಯೋಗ್ಯವಲ್ಲ. ಉಮೇಶನ ಮನೆಯಲ್ಲಿ ಕಲೆಹಾಕಿದ್ದ ಉಸಿರಿನ ದಾಖಲೆಗಳನ್ನೆಲ್ಲ ಅಳಿಸಿಹಾಕಿದಳು. ಸಮಿತಿ ಬಂತು, ಕೇಳಿತು, ಯೋಜನೆಯನ್ನು ಮುಚ್ಚಿತು. ಹಳ್ಳಿಗಳ ಮರಗಳಲ್ಲಿ, ಮಹಡಿಗಳಲ್ಲಿ ತೂಗಿದ್ದ ಪೆಟ್ಟಿಗೆಗಳು ಒಂದೊಂದಾಗಿ ಕೆಳಗಿಳಿದವು. ಸಹೋದ್ಯೋಗಿಗಳು ಸಮಾಧಾನದ ಮಾತು ಹೇಳಿದರು. ಅವಳು ತಲೆಯಾಡಿಸಿದಳು. ಟೀ ತಣ್ಣಗಾಗಿತ್ತು, ಕುಡಿದಳು.

ಕೊನೆಯ ಪೆಟ್ಟಿಗೆ ಲ್ಯಾಬಿಗೆ ಬಂದ ದಿನ ಉಮೇಶ ಪತ್ರಿಕೆ ಹಿಡಿದುಕೊಂಡು ಬಂದ. ಫರ್ಹಾದ್ ಮದನಪಲ್ಲಿಯಲ್ಲಿ ಸಿಕ್ಕಿಬಿದ್ದಿದ್ದ. ಜಗಳವಾದ ದಿನದಿಂದಲೂ ಅಲ್ಲೇ ಟೊಮೆಟೊ ಮಂಡಿಯಲ್ಲಿ ಕೂಲಿ ಮಾಡಿಕೊಂಡಿದ್ದನಂತೆ. ಊರಿನ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ.

"ಹಾಗಾದ್ರೆ ಅದು ಫ್ಯಾನೇ," ಎಂದ ಉಮೇಶ. ಅವನ ದನಿ ಮೊದಲ ಬಾರಿಗೆ ಸೋತಿತ್ತು. "ನಾನೇ ತಪ್ಪು ತಿಳ್ಕೊಂಡೆ ಅಕ್ಕ."

"ಇರ್ಲಿ ಬಿಡೋ," ಎಂದಳು ಗಂಗಾಲಕ್ಷ್ಮಿ.

ಜೈನಾಬಳ ಆ ಒಳಕೋಣೆಯಲ್ಲಿ ಫ್ಯಾನೂ ಇರಲಿಲ್ಲ. ಗೋಡೆಗೊರಗಿ ಕೂತಿದ್ದ ಆದಿಲಕ್ಷ್ಮಿ ಅಕ್ಕನನ್ನು ಕಂಡೂ ಎದ್ದು ಬರಲಿಲ್ಲ, ಹೊರಗಿನಿಂದ ಕೇಳುತ್ತಿದ್ದ ಗಂಡನ ದನಿಯತ್ತ ಬೆರಳು ತೋರಿಸಿ, ಬಾಯಿ ಮುಚ್ಚಿಕೊಂಡು, ಬೇಡ ಬೇಡವೆಂದು ತಲೆಯಾಡಿಸಿದ್ದಳು.