ಮದುಮಗನ ಕಾರಿಗೂ ದಾರಿಯಿಲ್ಲ

ಹೂವಿನಿಂದ ಸಿಂಗರಿಸಿದ ಮದುಮಗನ ಕಾರು ಸಿಂಧನೂರಿನ ಶಾದಿಮಹಲಿನ ಗೇಟಿಗೆ ಬಂದು ನಿಂತರೂ, ಅಡ್ಡ ಹಾಕಿದ್ದ ಜಾಲಿಮುಳ್ಳಿನ ಕಂಟಿಯನ್ನು ಅತೀಯಾ ಸರಿಸಲಿಲ್ಲ. ಒಳಗೆ ಪಾರ್ಕಿಂಗಿಗೆ ಹೊಸದಾಗಿ ಕಾಂಕ್ರೀಟು ಹಾಕಿಸಿದ ಎಂಜಿನಿಯರು ಅವಳೇ. ಕಾರಿನಲ್ಲಿ ಕೂತ ಮದುಮಗ ಅವಳ ಸ್ವಂತ ತಮ್ಮ. ಕಾಂಕ್ರೀಟು ಗಟ್ಟಿಯಾಗಲೆಂದು ನೆಲಕ್ಕೆ ಹೊದಿಸಿದ ಗೋಣಿತಟ್ಟುಗಳು ಇನ್ನೂ ಒದ್ದೆಯಾಗಿದ್ದವು.

"ಒಂದೇ ಗಾಡಿ ಐತಿ, ಬಿಡು ಬೇಟಿ," ಎಂದರು ಸೋದರಮಾವ.

"ಮುಂಜಾನಿಂದ ಎಲ್ಲಾರನ್ನೂ ರಸ್ತೆದಾಗ ಇಳಿಸೀನಿ, ಮಾಮು. ಕಾಂಕ್ರೀಟಿನ ಕೆಳಗ ಕರಿ ಎರಿಮಣ್ಣು ಐತಿ. ಈಗ ಬಿರುಕು ಬಿಟ್ರ ಮಳಿನೀರು ಇಳಿದು ಮಣ್ಣು ಉಬ್ಬಿ ನೆಲಾನೇ ಎತ್ತತೈತಿ."

ತಂದೆ ಪೀರ್‌ಸಾಬ್ ಕಾರಿನಿಂದಿಳಿದು ಕಂಟಿಗೆ ಕೈ ಹಾಕಿದರು. ಕಿತ್ತೆಸೆಯುತ್ತಾರೆಂದು ಅತೀಯಾ ಎದುರಿಗೇ ಹೋಗಿ ನಿಂತಳು. ಆದರೆ ಅವರು ಅದನ್ನು ಒಬ್ಬ ಮನುಷ್ಯ ನುಸುಳುವಷ್ಟು ಮಾತ್ರ ಸರಿಸಿ, ಕಾರಿನ ಗಾಜು ತಟ್ಟಿದರು.

"ಇಳಿಯೋ ಮದಿಮಗಾ. ಅಕ್ಕನ ನೆಲ ಹಸಿ ಐತಿ, ಅಂಚಿಗೆ ನಡಿ."