ಉಳಿದ ಜಾಗ

ಪಾರ್ಶ್ವವಾಯು ಬಡಿದು ನೆನಪು ಕಳೆದುಕೊಂಡವರ ಕಿವಿಯ ಹಿಂದೆ ಆಸ್ಪತ್ರೆಯವರು ನೆನಪಿನ ಬಿಲ್ಲೆ ಕೂರಿಸುತ್ತಿದ್ದರು. ಸತ್ತವರಿಂದ ತೆಗೆದ ಬಿಲ್ಲೆಯಲ್ಲಿನ ಅವರ ನೆನಪನ್ನು ಒರೆಸಲು ವಾರ ಹಿಡಿಯುತ್ತಿತ್ತು. ಕಾಯುವವರು ಬಹಳ, ಹಾಗಾಗಿ ಒರೆಸದೆಯೇ ಕೊಡುತ್ತಿದ್ದರು. ಮನೆಯವರು ಹೇಳಿ ಹೇಳಿ ತುಂಬಿಸಿದಷ್ಟೂ ಹಳೆಯದು ಅಳಿಯುತ್ತಿತ್ತು.

ನೀಲವ್ವ ಮೂರು ತಿಂಗಳು ಗಂಡ ಗುರುಪಾದಪ್ಪನ ಪಕ್ಕ ಕೂತು ತಮ್ಮ ಹದಿನೆಂಟು ವರ್ಷದ ಸಂಸಾರವನ್ನೆಲ್ಲ ಹೇಳಿದಳು. ಮದುವೆಯಲ್ಲಿ ಸಾರು ಹಳಸಿದ್ದನ್ನೂ ಬಿಡಲಿಲ್ಲ. ಆದರೂ ಬಿಲ್ಲೆಯಲ್ಲಿ ಅರ್ಧ ಜಾಗ ಉಳಿಯಿತು, ಅದರಲ್ಲಿ ಸತ್ತವರ ನೆನಪು ಹಾಗೇ ಇತ್ತು.

"ಡಾಕ್ಟರ್ ಸಾಹೇಬ್ರ, ಉಳಿದದ್ದನ್ನರ ಒರಸಿಬಿಡ್ರಿ."

"ಒರಸಿದ್ರ ಪೂರಾ ಒರಸಬೇಕ್ರೀ ಅಕ್ಕಾರ. ನೀವು ಹೇಳಿದ್ದೂ ಹೋಗ್ತದ, ಕೂರಿಸಿದ ಮ್ಯಾಲ ಒರಸಿದ್ರ ಮತ್ತ ಏನೂ ನಿಲ್ಲಂಗಿಲ್ಲ."

ಅವರಿಗೆ ಮಕ್ಕಳಿರಲಿಲ್ಲ. ಆದರೆ ಸಂಜೆ ಐದಾಯಿತೆಂದರೆ ಗುರುಪಾದಪ್ಪ ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದ.

"ನೀಲಾ, ಸಾಲಿ ಬಿಟ್ಟು ಎಷ್ಟೊತ್ತಾತು! ಚಂಪಾ ಯಾಕ ಬರ್ಲಿಲ್ಲ? ನಿನಗ ಮಗಳ ಚಿಂತೀನ ಇಲ್ಲೇನ?"

ಮೊದಮೊದಲು ಅವಳು ನಿಜ ಹೇಳಿ ನೋಡಿದ್ದಳು. ಹೇಳಿದಾಗಲೆಲ್ಲ ಅವನು ಮಗಳು ಸತ್ತಳೆಂದೇ ತಿಳಿದು ಗೋಳಾಡುತ್ತಿದ್ದ. ಇವತ್ತು ನೀಲವ್ವ ಚಪ್ಪಲಿ ಮೆಟ್ಟಿ ಅವನ ಕೈ ಹಿಡಿದಳು.

"ನಡೀರಿ, ಕರಕೊಂಡು ಬರೂಣು. ಆಕಿ ನೋಡಾಕ ಹ್ಯಾಂಗ ಅದಾಳ, ಹೇಳ್ರಿ. ನನಗೂ ಗುರ್ತ ಸಿಗಬೇಕಲ್ಲ."