ಡೀಸೆಲ್ ಮುಗಿದ ಮೂಲೆ

ಮಣ್ಣಿನ ಮೇಲ್ಪದರ ಒಡೆದ ತಟ್ಟೆಯ ಚೂರಿನಂತೆ ಅಕ್ಕನ ಕೈಗೆ ಎದ್ದು ಬಂತು. ಅದರಡಿಯಲ್ಲಿ ಮೊಳಕೆಗಳು ಮೇಲೇಳಲು ದಾರಿ ಸಿಗದೆ ಬೆಳ್ಳಗೆ ಮುರುಟಿಕೊಂಡಿದ್ದವು. ಟ್ರ್ಯಾಕ್ಟರ್ ಓಡಿಸುವ ತಮ್ಮ ಬಗ್ಗಿ ನೋಡಿದವನು ಹಾಗೆಯೇ ಕುಸಿದು ಕೂತ. ಬಿತ್ತಿ ಹನ್ನೆರಡು ದಿನವಾದರೂ ಪೈರು ಕಾಣದೆ ಅವಳು, ತಾನು ಕೂಡಿಟ್ಟ ಬೀಜವೇ ಕೆಟ್ಟದ್ದೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

"ಬಿತ್ತೋ ಮುಂಚೆ ಟ್ರ್ಯಾಕ್ಟರಿಗೆ ಹ್ಯಾರೋ ಕಟ್ಟಿ ಮೂರು ಸಲ ಹೊಡೆದಿದ್ದೀನಕ್ಕಾ. ಒಂದು ಹೆಂಟೆ ಉಳಿಸದೆ ಮಣ್ಣನ್ನ ಹಿಟ್ಟು ಮಾಡಿ ಕೊಟ್ಟಿದ್ದೆ."

"ಹಿಟ್ಟೇ ಕಣೋ. ಮಳೆ ಬಂದು ಕಲಸ್ತು, ಬಿಸಿಲು ಬಂದು ರೊಟ್ಟಿ ಥರ ಸುಟ್ಟು ಗಟ್ಟಿ ಮಾಡ್ತು."

ಅವನ ಕಣ್ಣು ಹೊಲದ ಮೂಲೆಗೆ ಹೋಗಿ ಅಲ್ಲೇ ನಿಂತಿತು. ಅಲ್ಲಿ ಮಾತ್ರ ಆರು ಸಾಲು ಹಸಿರಾಗಿ ಎದ್ದಿತ್ತು. ಆ ಮೂಲೆಗೆ ಬರುವಷ್ಟರಲ್ಲಿ ಡೀಸೆಲ್ ತಳ ಕಂಡಿದ್ದರಿಂದ ಒಂದೇ ಸಲ ಹೊಡೆದು ಬಿಟ್ಟಿದ್ದ. ಅಲ್ಲಿ ಹೆಂಟೆ ಉಳಿದುವೆಂದು ಅವತ್ತು ನಾಚಿಕೊಂಡೂ ಇದ್ದ.

"ಅಷ್ಟೊಂದು ಡೀಸೆಲ್ ಸುಟ್ಟು ನಿನ್ನ ಬೆಳೇನೇ ಹೂತುಬಿಟ್ಟೆನಲ್ಲಕ್ಕಾ!"

"ಒಂದು ಸಲಕ್ಕೆ ಸಾಲದಾಯ್ತೇನೋ ನಿನಗೆ? ಮಣ್ಣಿನ ಮೇಲೆ ಏನು ಸಿಟ್ಟಿತ್ತು?"

"ನೀನು ಬರಿಗಾಲಲ್ಲಿ ಬಿತ್ತೋಳು. ಹೋದ ವರ್ಷ ಹೆಂಟೆ ಚುಚ್ಚಿ ನಿನ್ನ ಹಿಮ್ಮಡಿ ಒಡೆದಿತ್ತಲ್ಲ."

ಅಕ್ಕ ಕೈಯಲ್ಲಿದ್ದ ಚೂರನ್ನು ಮೆಲ್ಲಗೆ ಕೆಳಗಿಟ್ಟು, ಪಕ್ಕದ ಪದರವನ್ನು ಬೆರಳಿನಿಂದ ಬಿಡಿಸತೊಡಗಿದಳು.

"ಕೂತ್ಕೋಬೇಡ, ಆ ಕಡೆಯಿಂದ ನೀನೂ ಒಡಿ. ಬದುಕೋವು ಬದುಕಲಿ," ಎಂದಳು. "ಇನ್ಮೇಲೆ ಒಂದೇ ಸಲ ಹೊಡಿ ಸಾಕು. ನಾನು ಚಪ್ಪಲಿ ಹಾಕ್ಕೊಂಡು ಬರ್ತೀನಿ."